ಐರ್ಲೆಂಡಿನ ಮೋರ್ಸಿಂಗ್: ಮೂಲೆಗೆ ಸರಿದ ವಾದ್ಯದ ಪರವಾಗಿ

ಐರ್ಲೆಂಡಿನ ಸಾಂಪ್ರದಾಯಿಕ ಸಂಗೀತ ಎಂದೊಡನೆ ನೆನಪಾಗುವ ವಾದ್ಯಗಳ ಪಟ್ಟಿ ಬಹುಮಟ್ಟಿಗೆ ಗೊತ್ತಾಗಿಹೋಗಿದೆ. ಪಿಟೀಲು, ಮರದ ಕೊಳಲು, ತಗಡಿನ ಪೀಪಿಯಂಥ ಟಿನ್ ವಿಸಲ್, ಮೊಣಕೈಯಿಂದ ತಿದಿಯೊತ್ತಿ ನುಡಿಸುವ ಇಲ್ಲನ್ ಪೈಪ್, ಕಾನ್ಸರ್ಟೀನ, ಅಕಾರ್ಡಿಯನ್, ಮೇಕೆಯ ಚರ್ಮ ಬಿಗಿದ ಬೌರಾನ್, ಜೊತೆಗೆ ಆ ದೇಶದ ಲಾಂಛನವೇ ಆಗಿರುವ ಹಾರ್ಪ್. ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ವಾದ್ಯ ಒಂದಿದೆ. ಅದು ಅಂಗೈಯೊಳಗೆ ಅಡಗುವಷ್ಟು ಪುಟ್ಟದು. ಕಬ್ಬಿಣದ ಅಥವಾ ಹಿತ್ತಾಳೆಯ ಚೌಕಟ್ಟು, ನಡುವೆ ಉಕ್ಕಿನ ಒಂದು ನಾಲಿಗೆ, ಅಷ್ಟೇ. ಹಲ್ಲಿಗೆ ಒತ್ತಿ ಹಿಡಿದು ಬೆರಳಿನಿಂದ ಮಿಡಿಯಬೇಕು. ಇಂಗ್ಲಿಷಿನಲ್ಲಿ ಜ್ಯೂಸ್ ಹಾರ್ಪ್ ಅಥವಾ ಜಾ ಹಾರ್ಪ್ ಎನ್ನುತ್ತಾರೆ. ಸ್ಕಾಟ್ಲೆಂಡ್, ಐರ್ಲೆಂಡುಗಳಲ್ಲಿ ಟ್ರಂಪ್ ಎಂಬ ಹೆಸರೂ ಇದೆ. ಕರ್ನಾಟಕ ಸಂಗೀತದ ಕಛೇರಿ ಕೇಳುವವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲ್. ಭೀಮಾಚಾರ್ ಅವರಂಥ ವಿದ್ವಾಂಸರು ನುಡಿಸಿದ ಮೋರ್ಸಿಂಗ್ ಇದೇ ಕುಲಕ್ಕೆ ಸೇರಿದ್ದು. ಐರಿಷ್ ಸಂಗೀತದ ಬಗ್ಗೆ ಬರೆಯುವವರು ಈ ವಾದ್ಯವನ್ನು ಮಕ್ಕಳ ಆಟಿಕೆಯೆಂದೋ ವಿಚಿತ್ರ ಸದ್ದಿನ ಸಾಧನವೆಂದೋ ಒಂದು ಸಾಲಿನಲ್ಲಿ ಮುಗಿಸುವುದುಂಟು. ಈ ಅಂದಾಜು ತಪ್ಪು ಎಂಬುದು ನನ್ನ ವಾದ. ಟ್ರಂಪ್ ಐರಿಷ್ ಕುಣಿತದ ಮಟ್ಟುಗಳಿಗೆ ಸ್ವರದಲ್ಲೂ ಲಯದಲ್ಲೂ ಒಗ್ಗುವ ವಾದ್ಯ. ಅದು ಹಿಂದೆ ಬಿದ್ದದ್ದು ಸಂಗೀತದ ಅರ್ಹತೆ ಸಾಲದೆ ಅಲ್ಲ, ದನಿ ಸಣ್ಣದಾಗಿದ್ದುದರಿಂದ ಮತ್ತು ಬರೆದಿಡುವವರ ಕಣ್ಣಿಗೆ ಬೀಳದ್ದರಿಂದ.

ವಾದ್ಯ ಕೆಲಸ ಮಾಡುವ ಬಗೆಯನ್ನು ತಿಳಿದರೆ ಅರ್ಧ ವಾದ ತಾನೇ ನಿಲ್ಲುತ್ತದೆ. ಉಕ್ಕಿನ ನಾಲಿಗೆ ಮಿಡಿದಾಗ ಹೊರಡುವ ಮೂಲಸ್ವರ ಒಂದೇ, ಅದು ಬದಲಾಗುವುದಿಲ್ಲ. ಆದರೆ ಆ ಒಂದು ಸ್ವರದೊಳಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನವಿರುವ ಉಪಸ್ವರಗಳು ಸಾಲಾಗಿ ಅಡಗಿರುತ್ತವೆ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳುತ್ತದಲ್ಲ, ನಮ್ಮವರು ಸ್ವಯಂಭೂ ಗಾಂಧಾರ ಎಂದು ಕರೆಯುವುದು, ಅದು ಇಂಥ ಉಪಸ್ವರಗಳಲ್ಲಿ ಐದನೆಯದು. ತಂಬೂರಿಯಲ್ಲಿ ಅದನ್ನು ಕೇಳಲು ಕಿವಿ ಪಳಗಬೇಕು. ಟ್ರಂಪಿನಲ್ಲಿ ವಾದಕ ತನ್ನ ಬಾಯಿಯನ್ನೇ ಅನುರಣನದ ಕೋಣೆಯಾಗಿ ಮಾಡಿಕೊಂಡು, ನಾಲಿಗೆಯನ್ನು ಹಿಂದೆ ಮುಂದೆ ಸರಿಸುತ್ತ, ತನಗೆ ಬೇಕಾದ ಉಪಸ್ವರವನ್ನು ಎತ್ತಿ ಹಿಡಿಯುತ್ತಾನೆ. ಬಾಯಿ ‘ಊ’ ಎನ್ನುವ ಆಕಾರದಲ್ಲಿದ್ದರೆ ಕೆಳಗಿನ ಉಪಸ್ವರಗಳು ಮೇಲೆದ್ದು ಕೇಳುತ್ತವೆ. ‘ಈ’ ಎನ್ನುವ ಆಕಾರಕ್ಕೆ ತಿರುಗಿದರೆ ಮೇಲಿನವು. ಮೂಲಸ್ವರವನ್ನು ಷಡ್ಜ ಎಂದಿಟ್ಟುಕೊಂಡರೆ ಎಂಟನೆಯ ಉಪಸ್ವರ ಮೇಲಿನ ಷಡ್ಜ, ಒಂಬತ್ತನೆಯದು ಚತುಶ್ರುತಿ ರಿಷಭ, ಹತ್ತನೆಯದು ಅಂತರ ಗಾಂಧಾರ, ಹನ್ನೆರಡನೆಯದು ಪಂಚಮ, ಹದಿನಾರನೆಯದು ಮತ್ತೆ ಷಡ್ಜ. ನಡುವಿನವು ಸ್ವಲ್ಪ ತಂಟೆಯವು. ಹನ್ನೊಂದನೆಯದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ಸರಿನಡುವೆ ಬೀಳುತ್ತದೆ. ಹದಿಮೂರನೆಯದು ಎರಡು ಧೈವತಗಳ ನಡುವೆ, ಹದಿನಾಲ್ಕನೆಯದು ಕೈಶಿಕಿ ನಿಷಾದಕ್ಕಿಂತ ತುಸು ಕೆಳಗೆ. ಒಟ್ಟಿನಲ್ಲಿ ಕೆಳಗೆ ಎಡೆಬಿಡದ ಶ್ರುತಿ, ಮೇಲೆ ಬಾಯಿಯೊಳಗೆ ಆಯ್ದುಕೊಂಡ ಒಂದು ರಾಗದೆಳೆ, ಎರಡನ್ನೂ ಹೊತ್ತು ಸಾಗುವ ಬೆರಳಿನ ಲಯ. ಇಷ್ಟು ಕಡಿಮೆ ಲೋಹದಲ್ಲಿ ಈ ಮೂರೂ ಕೂಡಿರುವ ವಾದ್ಯ ಇನ್ನೊಂದು ನನಗೆ ಕಾಣದು.

ಈಗ ಐರಿಷ್ ಮಟ್ಟುಗಳ ಕಡೆ ತಿರುಗೋಣ. ಅವು ಹೆಚ್ಚಾಗಿ ಡಿ ಮತ್ತು ಜಿ ಎಂಬ ಎರಡು ಆಧಾರ ಶ್ರುತಿಗಳ ಸುತ್ತ ಹೆಣೆದವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯ, ನಟಭೈರವಿ, ಈ ನಾಲ್ಕು ಮೇಳಗಳ ಸ್ವರಗಳೊಳಗೆ ಬಹುಪಾಲು ಮಟ್ಟುಗಳು ಅಡಗುತ್ತವೆ. ಐದೇ ಅಥವಾ ಆರೇ ಸ್ವರಗಳಲ್ಲಿ ಮುಗಿಯುವ ಮಟ್ಟುಗಳೂ ಸಾಕಷ್ಟಿವೆ. ಉಪಸ್ವರಗಳ ಸಾಲು ಸಹಜವಾಗಿ ಕೊಡುವುದು ಇವುಗಳಲ್ಲಿ ಮೊದಲ ಎರಡಕ್ಕೆ ಹತ್ತಿರವಾದ ಸ್ವರಸಂಚಯ. ತಂಟೆಯವು ಎಂದ ಆ ನಡುವಿನ ಸ್ವರಗಳಲ್ಲಿ ಒಂದು ಮಾತ್ರ ನಿಜವಾಗಿ ಗಮನಿಸಬೇಕಾದದ್ದು. ಜಿ ಶ್ರುತಿಯ ಟ್ರಂಪ್ ಒಂದರ ಮೂಲಸ್ವರ ಸೆಕೆಂಡಿಗೆ 98 ಕಂಪನ ಎಂದುಕೊಳ್ಳಿ. ಅದರ ಹನ್ನೊಂದನೆಯ ಉಪಸ್ವರ 1078ರಲ್ಲಿ ನುಡಿಯುತ್ತದೆ. ಪಿಯಾನೋದಲ್ಲಿ ಆ ಜಾಗದ ಸಿ ಸುಮಾರು 1047, ಅದರ ಮೇಲಿನ ಸಿ ಶಾರ್ಪ್ ಸುಮಾರು 1109. ಎರಡರ ಸರಿನಡುವೆ ನಿಲ್ಲುವ ಈ ಸ್ವರ ಪಿಯಾನೋದ ಕಿವಿಗೆ ಅಪಸ್ವರ. ಐರ್ಲೆಂಡಿನ ಹಳೆಯ ಪೈಪ್ ವಾದಕರಿಗೂ ಪಿಟೀಲುವಾದಕರಿಗೂ ಅದು ಅಪಸ್ವರವಾಗಿರಲಿಲ್ಲ. ಸಿ ಮತ್ತು ಸಿ ಶಾರ್ಪ್ ನಡುವಿನ ಸ್ವರವೊಂದನ್ನು ಬೇಕೆಂದೇ ಹಿಡಿಯುವುದು ಅವರ ಶೈಲಿಯ ಒಂದು ಲಕ್ಷಣ. ವಾಟರ್‌ಫರ್ಡ್ ಕಡೆಯ ಪಾದ್ರಿ, ಕಾರ್ಕ್‌ನಲ್ಲಿ ಐರಿಷ್ ಭಾಷೆಯ ಪ್ರಾಧ್ಯಾಪಕರಾಗಿದ್ದ ರಿಚರ್ಡ್ ಹೆನೆಬ್ರಿ ಹಳ್ಳಿಯವರ ಹಾಡು, ವಾದನಗಳನ್ನು ಫೋನೋಗ್ರಾಫ್ ಸಿಲಿಂಡರುಗಳಲ್ಲಿ ಹಿಡಿದಿಟ್ಟು, ಈ ಸಂಗೀತದ ಸ್ವರಸ್ಥಾನಗಳು ಪಿಯಾನೋದವಲ್ಲ ಎಂದು ಬಲವಾಗಿ ವಾದಿಸಿದ್ದರು. ಅವರು 1916ರಲ್ಲಿ ತೀರಿಕೊಂಡರು; ಅವರ ಸಂಗೀತ ಗ್ರಂಥ ಹೊರಬಂದದ್ದು 1928ರಲ್ಲಿ. ಹೆನೆಬ್ರಿಯವರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕಿಲ್ಲ. ಟ್ರಂಪಿನಿಂದಲೇ ಆ ನಡುಸ್ವರ ಐರಿಷ್ ಸಂಗೀತಕ್ಕೆ ಬಂತು ಎಂದೂ ನಾನು ಹೇಳುತ್ತಿಲ್ಲ. ಬೇರೆ ವಾದ್ಯಗಳವರು ಬೆರಳು ಪಳಗಿಸಿ ಹಿಡಿಯುವ ಸ್ವರವನ್ನು ಈ ವಾದ್ಯ ತನ್ನ ಪ್ರಕೃತಿಯಿಂದಲೇ ಕೊಡುತ್ತದೆ ಎಂಬುದಷ್ಟೇ ಇಲ್ಲಿನ ಮಾತು. ಬೇರೆ ದೇಶದ ಸಂಗೀತದಲ್ಲಿ ದೋಷವೆನಿಸುವುದು ಇಲ್ಲಿ ಗುಣ.

ಇಲ್ಲಿ ಬಲವಾದ ಆಕ್ಷೇಪವೊಂದು ಎದ್ದೇಳುತ್ತದೆ. ಉಪಸ್ವರಗಳ ಏಣಿಯ ಕೆಳಗಿನ ಮೆಟ್ಟಿಲುಗಳ ನಡುವೆ ದೊಡ್ಡ ಅಂತರಗಳಿವೆ. ಆರನೆಯದು ಕೆಳಗಿನ ಪಂಚಮ, ಎಂಟನೆಯದು ಷಡ್ಜ. ನಡುವೆ ಇರುವುದು ಏಳನೆಯದೊಂದೇ, ಅದೂ ಇಳಿದ ನಿಷಾದ. ಕೆಳಗಿನ ಧೈವತ ಸಿಗುವುದೇ ಇಲ್ಲ. ಐರಿಷ್ ಮಟ್ಟುಗಳಾದರೋ ಷಡ್ಜದ ಕೆಳಗೆ ಇಳಿದು ಪಂಚಮ, ಧೈವತಗಳಲ್ಲಿ ಸುತ್ತಿ ಮೇಲೇರುವುದು ಸಾಮಾನ್ಯ. ಮಟ್ಟಿನ ಎಲ್ಲ ಸ್ವರಗಳನ್ನೂ ನುಡಿಸಲಾಗದ ವಾದ್ಯವನ್ನು ರಾಗವಾದ್ಯ ಎನ್ನಬಹುದೇ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಇರುವುದು ಐರಿಷ್ ಪರಂಪರೆ ಮಟ್ಟು ಎಂಬುದನ್ನು ಹೇಗೆ ತಿಳಿದಿದೆ ಎಂಬುದರಲ್ಲಿ. ಅಲ್ಲಿ ಕಾಗದದ ಮೇಲಿನ ಸ್ವರಲಿಪಿ ಮಟ್ಟಿನ ಒಂದು ನೆರಳು ಮಾತ್ರ. ಕೊಳಲುವಾದಕ ಉಸಿರೆಳೆದುಕೊಳ್ಳಲು ಸ್ವರಗಳನ್ನು ಬಿಡಲೇಬೇಕು, ಎಲ್ಲಿ ಬಿಡುತ್ತಾನೆ ಎಂಬುದೇ ಅವನ ಶೈಲಿಯ ಗುರುತಾಗುತ್ತದೆ. ಪಿಟೀಲುವಾದಕ ಒಂದೇ ಮಟ್ಟನ್ನು ಮೂರು ಸುತ್ತು ನುಡಿಸಿದರೆ ಮೂರನ್ನೂ ಬೇರೆ ಬೇರೆಯಾಗಿ ನುಡಿಸುತ್ತಾನೆ. ಮಟ್ಟಿನ ಗಟ್ಟಿ ಭಾಗ ಅದರ ತಿರುವುಗಳಲ್ಲಿ, ನಿಲುಗಡೆಗಳಲ್ಲಿ, ಒತ್ತು ಬೀಳುವ ಜಾಗಗಳಲ್ಲಿ ಇರುತ್ತದೆ. ನುರಿತ ಟ್ರಂಪ್ ವಾದಕ ಆ ಜಾಗಗಳನ್ನು ತಪ್ಪದೆ ಮುಟ್ಟಿ, ಸಿಗದ ಸ್ವರದ ಕಡೆ ಪಕ್ಕದ ಸ್ವರವನ್ನೋ ಬರಿಯ ಶ್ರುತಿಯನ್ನೋ ಇಟ್ಟು ದಾಟುತ್ತಾನೆ. ಮಟ್ಟು ಗೊತ್ತಿರುವ ಕೇಳುಗನಿಗೆ ಅದು ಇಡಿಯಾಗಿಯೇ ಕೇಳುತ್ತದೆ. ಎಲ್ಲ ಮಟ್ಟುಗಳೂ ಇದಕ್ಕೆ ಒಗ್ಗುವುದಿಲ್ಲ ಎಂಬುದನ್ನು ಮಾತ್ರ ಒಪ್ಪಬೇಕು. ಖರಹರಪ್ರಿಯದ ಸ್ವರಗಳಿರುವ ಮಟ್ಟುಗಳಲ್ಲಿ ವಾದಕ ನಿಜಕ್ಕೂ ತಿಣುಕುತ್ತಾನೆ. ಒಂದೇ ಶ್ರುತಿಗೆ ಕಟ್ಟುಬಿದ್ದ ವಾದ್ಯ ಎಂಬ ಇನ್ನೊಂದು ದೂರಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಹತ್ತು ಗುಂಡಿಗಳ ಮೆಲೋಡಿಯನ್ನಿನದೂ ಮೌತ್ ಆರ್ಗನ್ನಿನದೂ ಇದೇ ಪಾಡು, ಪೈಪ್ ಕೂಡ ಬಹುಮಟ್ಟಿಗೆ ತನ್ನ ಶ್ರುತಿಗೆ ಅಂಟಿಕೊಂಡದ್ದೇ. ಎರಡು ಮೂರು ಟ್ರಂಪ್ ಜೇಬಿನಲ್ಲಿದ್ದರೆ ಆ ತೊಂದರೆ ಅಲ್ಲಿಗೇ ಮುಗಿಯಿತು.

ಲಯದ ವಿಚಾರದಲ್ಲಿ ವಾದ ಇನ್ನೂ ಗಟ್ಟಿ. ಐರಿಷ್ ಮಟ್ಟುಗಳಲ್ಲಿ ಹೆಚ್ಚಿನವು ಕುಣಿತಕ್ಕಾಗಿ ಹುಟ್ಟಿದವು. ಜಿಗ್ ಎಂಬುದರಲ್ಲಿ ಮೂರು ಮೂರರ ಎರಡು ಗುಂಪು, ಅಂದರೆ ತಿಶ್ರದ ನಡೆ. ರೀಲ್‌ನಲ್ಲಿ ನಾಲ್ಕು ನಾಲ್ಕರ ಗುಂಪು, ಚತುರಶ್ರದ ನಡೆ. ಸ್ಲಿಪ್ ಜಿಗ್‌ನಲ್ಲಿ ಮೂರರ ಮೂರು ಗುಂಪು. ಎಂಟೆಂಟು ಆವರ್ತದ ಎರಡು ಭಾಗಗಳು, ಒಂದೊಂದನ್ನೂ ಎರಡೆರಡು ಸಲ ನುಡಿಸಿ ಮತ್ತೆ ಮೊದಲಿಗೆ ಬರುವುದು ವಾಡಿಕೆ. ಟ್ರಂಪ್ ವಾದಕನ ಬೆರಳು ಈ ನಡೆಗಳನ್ನು ಮಿಡಿಯುತ್ತಿದ್ದರೆ ಉಸಿರು ಮತ್ತು ಗಂಟಲು ಅದರೊಳಗೆ ಇನ್ನೊಂದು ಲಯವನ್ನು ಹೆಣೆಯುತ್ತವೆ. ಕರ್ನಾಟಕ ಸಂಗೀತ ಹಿಡಿದ ದಾರಿಗೂ ಈ ದಾರಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಮೋರ್ಸಿಂಗ್ ಲಯವಾದ್ಯ. ಅದು ಮೃದಂಗದ ಸೊಲ್ಲುಗಳನ್ನು ಬಾಯಿಯೊಳಗೆ ಹೇಳುತ್ತ ತನಿ ಆವರ್ತನದಲ್ಲಿ ತನ್ನ ಸರದಿ ತೆಗೆದುಕೊಳ್ಳುತ್ತದೆ, ರಾಗದ ಹೊಣೆಯನ್ನು ಹೊರುವುದಿಲ್ಲ. ಐರಿಷ್ ಶೈಲಿಯಲ್ಲಿ ಟ್ರಂಪ್ ಮಟ್ಟನ್ನೇ ನುಡಿಸಬೇಕು. ವಾದ್ಯ ಸಿಗದಾಗ ಬಾಯಲ್ಲೇ ಅರ್ಥವಿಲ್ಲದ ಉಚ್ಚಾರಗಳನ್ನು ಕಟ್ಟಿ ಮಟ್ಟು ಹಾಡಿ ಕುಣಿಸುವ ಲಿಲ್ಟಿಂಗ್ ಎಂಬ ಪದ್ಧತಿ ಐರ್ಲೆಂಡಿನಲ್ಲಿ ಇಂದಿಗೂ ಜೀವಂತವಾಗಿದೆ. ಲಿಲ್ಟಿಂಗ್ ಮಾಡುವವನ ಬಾಯಿ, ನಾಲಿಗೆ, ಉಸಿರು ಮಾಡುವ ಕೆಲಸಕ್ಕೆ ಟ್ರಂಪ್ ವಾದಕನ ಕೆಲಸ ತೀರ ಹತ್ತಿರದ್ದು. ಲಿಲ್ಟಿಂಗ್ ಅನ್ನು ಪರಂಪರೆಯ ಭಾಗವೆಂದು ಗೌರವಿಸುವವರು ಟ್ರಂಪನ್ನು ಆಟಿಕೆ ಎನ್ನಲು ಯಾವ ಕಾರಣ ಕೊಡಬಲ್ಲರು?

ಅವರು ಕೊಡುವ ಕಾರಣ ದಾಖಲೆಯದು. ಅಷ್ಟು ಒಗ್ಗುವ ವಾದ್ಯವಾಗಿದ್ದರೆ ಹಳೆಯ ಪುಸ್ತಕಗಳಲ್ಲಿ ಅದರ ಸುದ್ದಿ ಏಕೆ ಇಷ್ಟು ಕಡಿಮೆ ಎಂದು ಕೇಳುತ್ತಾರೆ. ಆ ಪುಸ್ತಕಗಳನ್ನು ಬರೆದವರು ಯಾರು, ಏನನ್ನು ಹುಡುಕಿ ಹೊರಟಿದ್ದರು ಎಂದು ನೋಡಬೇಕು. 1792ರ ಜುಲೈನಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ವಾದಕರ ಮೇಳ ನಡೆದಾಗ ಎಡ್ವರ್ಡ್ ಬಂಟಿಂಗ್ ಎಂಬ ಯುವಕ ಮಟ್ಟುಗಳನ್ನು ಬರೆದುಕೊಂಡ. ಆ ಕೆಲಸದ ಉದ್ದೇಶ ಅಳಿಯುತ್ತಿದ್ದ ಅರಮನೆ, ಗಡಿಮನೆಗಳ ಹಾರ್ಪ್ ಪರಂಪರೆಯನ್ನು ಉಳಿಸುವುದು. ಷಿಕಾಗೋದಲ್ಲಿ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಮಟ್ಟುಗಳ ಮಹಾಸಂಗ್ರಹ ತಂದ. 1913ರಲ್ಲಿ ವಾದಕರ ಚರಿತ್ರೆಗಳನ್ನೂ ಪ್ರಕಟಿಸಿದ. ಅವನ ಅಭಿಮಾನ ಪೈಪ್, ಪಿಟೀಲು, ಕೊಳಲುಗಳವರ ಕಡೆಗೆ. ಮಟ್ಟಿನ ಸ್ವರಗಳನ್ನು ಬರೆದಿಡುವವನಿಗೆ ಅದು ಯಾವ ಸಣ್ಣ ವಾದ್ಯದಲ್ಲಿ ನುಡಿಯಿತು ಎಂಬುದು ಮುಖ್ಯವಾಗುವುದಿಲ್ಲ. ಬಡವರ, ಮಕ್ಕಳ, ಕೂಲಿಯವರ ಕೈಯಲ್ಲಿದ್ದ ವಾದ್ಯಕ್ಕಂತೂ ಚರಿತ್ರೆ ಬರೆಯುವವರು ಸಿಗುವುದು ಕಷ್ಟ. ಬರಹ ಬಿಟ್ಟದ್ದನ್ನು ನೆಲ ಬಿಟ್ಟಿಲ್ಲ. ನಾರ್ವೆಯ ವಿದ್ವಾಂಸ ಯೆರ್ಮುಂಡ್ ಕೊಲ್ಟ್‌ವೈಟ್ ಯುರೋಪಿನ ಉತ್ಖನನಗಳಲ್ಲಿ ದೊರೆತ ಈ ವಾದ್ಯಗಳನ್ನು 2006ರ ತಮ್ಮ ಗ್ರಂಥದಲ್ಲಿ ಪಟ್ಟಿಮಾಡಿದ್ದಾರೆ. ಅವು 800ಕ್ಕೂ ಹೆಚ್ಚು. ಐರ್ಲೆಂಡಿನ ಅಗೆತಗಳಲ್ಲಿ ಸಿಕ್ಕವನ್ನು ಸಂಗೀತ ಚರಿತ್ರಕಾರ್ತಿ ಆನ್ ಬಕ್ಲಿ 1980ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಉಕ್ಕಿನ ನಾಲಿಗೆ ತುಕ್ಕು ಹಿಡಿದು ಹೋಗಿ ಚೌಕಟ್ಟಷ್ಟೇ ಉಳಿದಿರುವುದು ಹೆಚ್ಚು. ನೆರೆಯ ಸ್ಕಾಟ್ಲೆಂಡಿನಿಂದ ಒಂದು ಕರುಣಾಜನಕ ಸಾಕ್ಷಿಯೂ ಇದೆ. ಮಾಟಗಾತಿ ಎಂಬ ಆರೋಪ ಹೊತ್ತ ಗೇಲಿಸ್ ಡಂಕನ್ ಎಂಬ ಮನೆಗೆಲಸದ ಹುಡುಗಿ ಗುಂಪಿನ ಕುಣಿತಕ್ಕೆ ಟ್ರಂಪ್ ನುಡಿಸಿದಳೆಂದೂ, ರಾಜ ಆರನೆಯ ಜೇಮ್ಸ್ ಅವಳನ್ನು ಕರೆಸಿ ತನ್ನೆದುರು ಅದನ್ನೇ ನುಡಿಸುವಂತೆ ಮಾಡಿದನೆಂದೂ 1591ರ ಕಿರುಹೊತ್ತಗೆಯೊಂದು ಹೇಳುತ್ತದೆ. ಆರೋಪ ಸುಳ್ಳಾದರೂ, ಕುಣಿತಕ್ಕೆ ಟ್ರಂಪ್ ನುಡಿಸುವುದು ಆ ಕಾಲದ ಓದುಗರಿಗೆ ನಂಬಲಾಗದ ಸಂಗತಿಯಾಗಿರಲಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನು, ಇದು ಐರ್ಲೆಂಡಿನದಲ್ಲ, ಹೊರಗಿನ ಸರಕು ಎಂಬ ಮಾತು. ಸರಕು ಹೊರಗಿನದೆಂಬುದು ನಿಜವೇ. ಚೀನಾದ ಶಿಮಾವ್‌ನಲ್ಲಿ ಸುಮಾರು 4,000 ವರ್ಷ ಹಿಂದಿನ ಮೂಳೆಯ ಬಾಯಿವಾದ್ಯಗಳು ಸಿಕ್ಕಿವೆ. ಯುರೋಪಿಗೆ ಈ ಕುಲದ ವಾದ್ಯ ಬಹಳ ತಡವಾಗಿ ಬಂತು. ಆಸ್ಟ್ರಿಯದ ಮೊಲ್ನ್‌ನಲ್ಲಿ 17ನೆಯ ಶತಮಾನದಲ್ಲೇ ಇದನ್ನು ತಯಾರಿಸುವವರ ಸಂಘವಿತ್ತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಸುತ್ತಮುತ್ತ ರಾಶಿರಾಶಿಯಾಗಿ ತಯಾರಾಗಿ ಲೋಕವೆಲ್ಲ ಮಾರಾಟವಾಯಿತು. ಆದರೆ ಹೊರಗಿನದೆಂಬ ಕಾರಣಕ್ಕೆ ವಾದ್ಯವನ್ನು ಹೊರಗಿಡುವುದಾದರೆ ಐರಿಷ್ ಸಂಗೀತದಲ್ಲಿ ಏನು ಉಳಿದೀತು? ಕಾನ್ಸರ್ಟೀನ ಲಂಡನ್ನಿನಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ರೂಪಿಸಿದ್ದು; ಇಂದು ಅದು ಕ್ಲೇರ್ ಪ್ರಾಂತದ ಹೆಮ್ಮೆ. ಬ್ಯಾಂಜೊ ಅಮೆರಿಕದಿಂದ ಬಂತು, ಅದರ ಬೇರು ಆಫ್ರಿಕದ್ದು. ಗ್ರೀಸಿನ ಬುಝೂಕಿ ಐರಿಷ್ ವಾದನಕ್ಕೆ ಬಂದದ್ದು 1960ರ ದಶಕದಲ್ಲಿ, ಜಾನಿ ಮೊಯ್ನಿಹನ್ ಮೂಲಕ. ಒಂದೇ ದಶಕದೊಳಗೆ ಅದು ಹಲವು ಪ್ರಸಿದ್ಧ ತಂಡಗಳಲ್ಲಿ ನೆಲೆಯೂರಿತು. ಬೌರಾನ್ ಚರಿತ್ರೆಯಂತೂ ಈ ವಾದಕ್ಕೆ ತೀರ ಹತ್ತಿರದ ನಿದರ್ಶನ. ಡಿಸೆಂಬರ್ 26ರ ರೆನ್ ಹಬ್ಬದ ಮೆರವಣಿಗೆಯಲ್ಲಿ ಬಡಿಯುವ ವಾದ್ಯವೆಂದು ಬದಿಯಲ್ಲಿದ್ದ ಅದನ್ನು 1960ರ ಹೊತ್ತಿಗೆ ಶಾನ್ ಓ ರೀಡ ತಮ್ಮ ಕ್ಯೋಲ್ಟೋರಿ ಕೂಲನ್ ಮೇಳದ ವೇದಿಕೆಗೆ ತಂದರು. ಇವತ್ತು ಅದು ಐರ್ಲೆಂಡಿನ ಗುರುತೇ ಆಗಿದೆ. ಹೀಗೆ ಪರಂಪರೆಯ ವಾದ್ಯ ಯಾವುದು ಎಂಬುದನ್ನು ಹುಟ್ಟೂರು ತೀರ್ಮಾನಿಸಿದ್ದೇ ಇಲ್ಲ. ನುಡಿಸುವವರೂ ಕೇಳುವವರೂ ತೀರ್ಮಾನಿಸುತ್ತ ಬಂದಿದ್ದಾರೆ.

ಹಾಗಾದರೆ ಬೌರಾನ್‌ಗೆ ಒದಗಿದ ಅದೃಷ್ಟ ಟ್ರಂಪಿಗೆ ಏಕೆ ಒದಗಲಿಲ್ಲ? ಉತ್ತರ ಸದ್ದಿನ ಪ್ರಮಾಣದಲ್ಲಿದೆ. 20ನೆಯ ಶತಮಾನದ ಮೊದಲ ದಶಕಗಳವರೆಗೂ ಹಳ್ಳಿಯ ಕುಣಿತ ನಡೆಯುತ್ತಿದ್ದುದು ಮನೆಗಳಲ್ಲಿ, ಅಡುಗೆಮನೆಯ ಕಲ್ಲುನೆಲದ ಮೇಲೆ, ಹತ್ತಿಪ್ಪತ್ತು ಜನರ ನಡುವೆ. ಸಣ್ಣ ದನಿಯ ವಾದ್ಯಕ್ಕೆ ಅದು ಸಾಕು. 1935ರ ಸಾರ್ವಜನಿಕ ನೃತ್ಯಶಾಲೆಗಳ ಕಾಯ್ದೆ ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕೆಂದಿತು. ಪಾದ್ರಿಗಳ, ಪೊಲೀಸರ ಒತ್ತಡ ಮನೆಯೊಳಗಿನ ಕುಣಿತಗಳ ಮೇಲೂ ಬಿತ್ತು. ಕುಣಿತ ದೊಡ್ಡ ಹಾಲುಗಳಿಗೆ ಹೋಯಿತು, ಡ್ರಮ್ಮು, ಪಿಯಾನೊ, ಅಕಾರ್ಡಿಯನ್ ಸೇರಿದ ಕೇಲಿ ಬ್ಯಾಂಡುಗಳು ಅಲ್ಲಿ ಮೆರೆದವು. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿಗೆ ಕೂಲಿಗಾಗಿ ಹೋದ ಐರಿಷ್ ಜನ ಕ್ಯಾಮ್ಡೆನ್ ಟೌನ್‌ನಂಥ ಕಡೆ ಪಬ್‌ಗಳಲ್ಲಿ ಕೂತು ನುಡಿಸತೊಡಗಿದರು. ಆ ಗದ್ದಲದಲ್ಲಿ ಟ್ರಂಪ್ ಯಾರಿಗೆ ಕೇಳೀತು? ಧ್ವನಿಮುದ್ರಣದ ಕತೆಯೂ ಹೀಗೆಯೇ. ನ್ಯೂಯಾರ್ಕಿನಲ್ಲಿ 1920ರ ದಶಕದಲ್ಲಿ ಮೈಕೆಲ್ ಕೋಲ್ಮನ್ ಮುದ್ರಿಸಿದ ಪಿಟೀಲು ತಟ್ಟೆಗಳು ಅಟ್ಲಾಂಟಿಕ್ ದಾಟಿ ಬಂದು, ಐರಿಷ್ ವಾದನ ಎಂದರೆ ಹೀಗಿರಬೇಕು ಎಂಬ ಮಾದರಿಯನ್ನೇ ಸ್ಥಾಪಿಸಿದವು. 1925ರಲ್ಲಿ ವಿದ್ಯುತ್ ಮೈಕ್ ಬರುವವರೆಗೆ ಮುದ್ರಣಯಂತ್ರ ಹಿಡಿಯುತ್ತಿದ್ದುದು ಕೊಂಬಿನೊಳಗೆ ನೇರವಾಗಿ ನುಗ್ಗಬಲ್ಲ ಗಟ್ಟಿ ದನಿಗಳನ್ನು ಮಾತ್ರ. ಮಾದರಿ ಸ್ಥಾಪನೆಯಾಗುವ ಆ ಹೊತ್ತಿನಲ್ಲಿ ಟ್ರಂಪ್ ಕೋಣೆಯ ಹೊರಗೇ ಉಳಿಯಿತು. ನಮ್ಮ ಕಛೇರಿಗಳಲ್ಲಿ ಮೋರ್ಸಿಂಗ್ ಇವತ್ತು ಕೊನೆಯ ಸಾಲಿನವರಿಗೂ ಕೇಳುವುದು ಅದರೆದುರು ಇರುವ ಮೈಕಿನಿಂದ ಎಂಬುದನ್ನು ನೆನೆದರೆ ಐರ್ಲೆಂಡಿನಲ್ಲಿ ಆದ ನಷ್ಟದ ಸ್ವರೂಪ ತಿಳಿಯುತ್ತದೆ.

ಈ ವಾದ್ಯವನ್ನು ಮತ್ತೆ ಕೇಳುವಂತೆ ಮಾಡಿದವರಲ್ಲಿ ಮುಖ್ಯರು ಐರ್ಲೆಂಡಿನವರಲ್ಲ ಎಂಬುದು ಕೊನೆಯ ಆಕ್ಷೇಪ. ಇಂಗ್ಲೆಂಡಿನ ಜಾನ್ ರೈಟ್ ಮತ್ತು ಅವರ ತಮ್ಮ ಮೈಕೆಲ್ ರೈಟ್ ನುಡಿಸಿದ ಐರಿಷ್ ಮಟ್ಟುಗಳು 1974ರಲ್ಲಿ ಟಾಪಿಕ್ ಕಂಪನಿ ತಂದ ‘ದಿ ಲಾರ್ಕ್ ಇನ್ ದಿ ಕ್ಲಿಯರ್ ಏರ್’ ಎಂಬ ತಟ್ಟೆಯಲ್ಲಿವೆ. ಆ ತಟ್ಟೆ ಇಡಿಯಾಗಿ ಸಣ್ಣ ವಾದ್ಯಗಳಿಗೆ ಮೀಸಲು. ಜಾನ್ ಪ್ಯಾರಿಸ್‌ನಲ್ಲಿ ನೆಲೆಸಿ ಅಲ್ಲಿನ ವಸ್ತುಸಂಗ್ರಹಾಲಯದ ಬಾಯಿವಾದ್ಯಗಳ ಬಗ್ಗೆ ಜೆನೆವಿಯೆವ್ ದೂರ್ನೋ ಜೊತೆ 1978ರಲ್ಲಿ ಗ್ರಂಥ ಬರೆದರು. ಮೈಕೆಲ್ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಈ ವಾದ್ಯದ ಚರಿತ್ರೆಯನ್ನು 2015ರಲ್ಲಿ ಪುಸ್ತಕವಾಗಿ ತಂದರು. ವ್ಯಾಪಾರದ ಲೆಕ್ಕಪತ್ರ, ಚಿತ್ರ, ಪತ್ರಿಕಾ ವರದಿಗಳಿಂದ ಆಯ್ದ ಪುರಾವೆಗಳ ಆ ಸಂಗ್ರಹ ಆಟಿಕೆ ಎಂಬ ಮಾತಿಗೆ ಸಾಕಷ್ಟು ಉತ್ತರ. ಕ್ಯಾಲಿಫೋರ್ನಿಯದಿಂದ ಐರ್ಲೆಂಡಿಗೆ ಬಂದು 1970ರ ದಶಕದಲ್ಲಿ ಪಂಪ್‌ಕಿನ್‌ಹೆಡ್ ತಂಡದಲ್ಲಿದ್ದ ರಿಕ್ ಎಪ್ಪಿಂಗ್ ಮೌತ್ ಆರ್ಗನ್, ಕಾನ್ಸರ್ಟೀನಗಳ ಜೊತೆ ಟ್ರಂಪನ್ನೂ ನುಡಿಸಿದರು. ಹೊರಗಿನವರ ಉತ್ಸಾಹ ಒಂದು ಪರಂಪರೆಯನ್ನು ಕಲ್ಪಿಸಿಕೊಂಡಿರಬಹುದೆಂಬ ಅನುಮಾನ ಸಹಜ. ಆದರೆ ವಾದನವನ್ನು ವಾದನದಿಂದಲೇ ಅಳೆಯಬೇಕು. ರೈಟ್ ಸಹೋದರರ ವಾದನದಲ್ಲಿ ಮಟ್ಟಿನ ಎಳೆ ಸ್ಪಷ್ಟವಾಗಿದೆ, ಕುಣಿತದ ಎತ್ತುಗಡೆ ಇದೆ, ಆ ನಡುಸ್ವರಗಳಿಗೆ ಸಲ್ಲಬೇಕಾದ ಗೌರವ ಇದೆ. ಹಳ್ಳಿಯ ಐರಿಷ್ ಪಿಟೀಲುವಾದಕನೊಬ್ಬ ಅದನ್ನು ತನ್ನದೆಂದು ಗುರುತಿಸುವುದಕ್ಕೆ ಇನ್ನೇನು ಬೇಕು?

ಸಾಂಸ್ಥಿಕ ಬೆಂಬಲ ಏನು ಮಾಡಬಲ್ಲದು ಎಂಬುದಕ್ಕೆ ಐರ್ಲೆಂಡಿನಲ್ಲೇ ಪುರಾವೆ ಇದೆ. ನುಡಿಸುವವರು ವಿರಳವಾಗಿದ್ದ ಇಲ್ಲನ್ ಪೈಪಿಗಾಗಿ 1968ರಲ್ಲಿ ನಾ ಪೀಬರೀ ಇಲ್ಲನ್ ಎಂಬ ಸಂಘ ಹುಟ್ಟಿತು, ತರಗತಿಗಳು ನಡೆದವು, ವಾದ್ಯ ತಯಾರಿಸುವವರು ಬೆಳೆದರು. 2017ರಲ್ಲಿ ಆ ಕಲೆ ಯುನೆಸ್ಕೊ ಪಟ್ಟಿಗೆ ಸೇರಿತು. ಹಾರ್ಪ್ ವಾದನ 2019ರಲ್ಲಿ ಸೇರಿತು. 1951ರಲ್ಲಿ ಸ್ಥಾಪನೆಯಾದ ಕೋಲ್ಟಸ್ ಸಂಸ್ಥೆ ನಡೆಸುವ ಫ್ಲಾ ಕ್ಯೋಲ್ ಸ್ಪರ್ಧೆಗಳಲ್ಲಿ ಪಿಟೀಲಿಗೆ, ಕೊಳಲಿಗೆ, ಮೌತ್ ಆರ್ಗನ್ನಿಗೆ, ಲಿಲ್ಟಿಂಗಿಗೆ ಬೇರೆ ಬೇರೆ ವಿಭಾಗಗಳಿವೆ. ಟ್ರಂಪ್ ನುಡಿಸುವವರು ‘ಇತರೆ ವಾದ್ಯಗಳು’ ಎಂಬ ವಿಭಾಗದಲ್ಲಿ ಕಾಯಬೇಕು. ಇದಕ್ಕೆ ಸ್ವಂತ ವಿಭಾಗವೊಂದನ್ನು ತೆರೆಯುವುದು, ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಟಿನ್ ವಿಸಲ್ ಜೊತೆ ಇದನ್ನೂ ಕೊಡುವುದು, ವೇದಿಕೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಮೈಕ್ ಇಡುವುದು ಹೆಚ್ಚು ಖರ್ಚಿನ ಕೆಲಸಗಳಲ್ಲ. ಕನ್ನಡದ ಓದುಗರಲ್ಲಿ ನನ್ನದೊಂದು ಕೋರಿಕೆ: ರೈಟ್ ಸಹೋದರರ ಆ ತಟ್ಟೆಯನ್ನು ಹುಡುಕಿ ಕೇಳಿ. ಮೊದಲ ಸುತ್ತಿನಲ್ಲಿ ಕೆಳಗಿನ ಶ್ರುತಿಯಷ್ಟೇ ಕಿವಿಗೆ ಬೀಳಬಹುದು, ಅದನ್ನು ಬಿಟ್ಟು ಮೇಲಿನ ಎಳೆಯ ಕಡೆ ಗಮನ ಕೊಡಿ. ತಂಬೂರಿಯ ಸ್ವಯಂಭೂ ಗಾಂಧಾರವನ್ನು ಹಿಡಿದ ಕಿವಿಗೆ ಅಲ್ಲಿನ ಜಿಗ್ ಸಿಗಲು ಬಹಳ ಹೊತ್ತು ಬೇಕಾಗುವುದಿಲ್ಲ.